ಮನೆಯ ಫೈಬರ್‌ಗೆ /29 ಬ್ಲಾಕ್ ತೆಗೆದುಕೊಂಡೆ, ಒಂದು ಐಪಿಯೂ ಹೊರಗಿನಿಂದ ಸಿಗ್ತಿಲ್ಲ

ಕೆಳಮನೆ ಆಫೀಸು

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಮನೆಯ ಕೆಳಗಿನ ರೂಮುಗಳಲ್ಲೇ ನನ್ನ ಆಫೀಸು. ಕೆಲವು ಅಂಗಡಿಗಳ, ಒಂದು ರೈಸ್‌ಮಿಲ್ಲಿನ ಬಿಲ್ಲಿಂಗ್ ಸರ್ವರ್ ಇಲ್ಲೇ ಇಟ್ಟು ನೋಡಿಕೊಳ್ಳುತ್ತೇನೆ. ಮೊದಲು ಒಂದೇ ಸ್ಟ್ಯಾಟಿಕ್ ಐಪಿ ಇತ್ತು, ಸಾಕಾಗ್ತಿತ್ತು. ಈಗ ಐಪಿ ಫೋನಿನ ಪಿಬಿಎಕ್ಸ್ (ಆಫೀಸಿನ ಫೋನ್ ಎಕ್ಸ್‌ಚೇಂಜ್) ಬಂತು. ಅದರ ಮೇಲೆ ಇಬ್ಬರು ಗಿರಾಕಿಗಳು ತಮ್ಮ ತಮ್ಮ ವಿಪಿಎನ್ ಡಬ್ಬಿ (ಬ್ರಾಂಚ್‌ಗಳನ್ನು ಗುಟ್ಟಾಗಿ ಜೋಡಿಸೋದು) ತಂದು ಇಟ್ಟಿದ್ದಾರೆ, ಎರಡಕ್ಕೂ ಯುಡಿಪಿ 500 ಮತ್ತು 4500 ಪೋರ್ಟ್ ಬೇಕು, ಒಂದೇ ಐಪಿಯಲ್ಲಿ ಎರಡನ್ನೂ ಕೂರಿಸೋಕೆ ಆಗಲ್ಲ. ಹಾಗಾಗಿ ಊರಿನ ಫೈಬರ್‌ನವರ ಹತ್ತಿರ 8 ಐಪಿಯ ಬ್ಲಾಕ್ (/29 ಅಂದರೆ ಅದೇ) ತೆಗೆದುಕೊಂಡೆ. ವರ್ಷದ ಬಾಡಿಗೆ, ಅದರ ಮೇಲೆ 18% ಜಿಎಸ್‌ಟಿ ಬೇರೆ.

ಅವರು ಕೊಟ್ಟ ಚೀಟಿಯಲ್ಲಿ ಇರೋದು ಇಷ್ಟು. ನಿಜವಾದ ನಂಬರ್ ಇಲ್ಲಿ ಹಾಕಿಲ್ಲ, ಉದಾಹರಣೆಗೆಂದೇ ಮೀಸಲಿಟ್ಟ ನಂಬರ್‌ಗಳು:

ಬ್ಲಾಕ್: 203.0.113.8/29
ಮಾಸ್ಕ್: 255.255.255.248
ಗೇಟ್‌ವೇ: 203.0.113.9
ಬಳಸಬಹುದಾದ ಐಪಿ: .10 ರಿಂದ .14

ರೂಟರ್ ಮೈಕ್ರೋಟಿಕ್. ಒಎನ್‌ಟಿ (ಫೈಬರ್ ಬಂದು ಸೇರೋ ಡಬ್ಬಿ) ಬ್ರಿಜ್ ಮೋಡ್‌ನಲ್ಲಿದೆ, ಅಂದರೆ ಲೈನನ್ನು ಹಾಗೇ ರೂಟರ್‌ಗೆ ದಾಟಿಸುತ್ತೆ. ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಫೈಬರ್‌ನವರ ನೆಟ್‌ಗೆ ಸೇರೋ ವಿಧಾನ) ಲಾಗಿನ್ ಆಗುತ್ತೆ, ಆಗ 198.51.100.77 ಅಂತ ಬೇರೆಯೇ ಒಂದು ಐಪಿ ಬರುತ್ತೆ. ನೆಟ್ ಚೆನ್ನಾಗಿದೆ. ಆದರೆ ಈಥರ್1 (ಫೈಬರ್ ಕಡೆಯ ಪೋರ್ಟ್) ಮೇಲೆ 203.0.113.10/29 ಹಾಕಿ, .9 ಅನ್ನು ಡೀಫಾಲ್ಟ್ ಗೇಟ್‌ವೇ ಅಂತ ಕೊಟ್ಟ ಕೂಡಲೇ ಇಡೀ ಮನೆಯ ನೆಟ್ ಹೋಗುತ್ತೆ. ತೆಗೆದರೆ ವಾಪಸ್ ಬರುತ್ತೆ. ಸರ್ವರ್‌ಗೇ ನೇರವಾಗಿ .11 ಕೊಟ್ಟು ಸ್ವಿಚ್‌ಗೆ ಸಿಕ್ಕಿಸಿದರೂ ಏನಿಲ್ಲ. ಫೈಬರ್‌ನವರಿಗೆ ಫೋನ್ ಮಾಡಿದರೆ "ನಮ್ಮ ಕಡೆ ಎಲ್ಲಾ ಸರಿ ಇದೆ ಸಾರ್, ನಿಮ್ಮ ರೂಟರ್ ಚೆಕ್ ಮಾಡಿಸಿ" ಅಂತಾರೆ. ಯಾರಾದರೂ ದಾರಿ ತೋರಿಸಿ.

ಒಂದೇ ಸಾಕು

ನಿಜವಾಗಿಯೂ ಎಂಟು ಬೇಕಾ ಸರ್? ವೆಬ್‌ಸೈಟುಗಳಿಗಾದರೆ ಒಂದೇ ಐಪಿ ಮೇಲೆ ಎನ್‌ಜಿನ್‌ಎಕ್ಸ್ ಅಥವಾ ಕ್ಯಾಡಿ ಥರದ ಪ್ರಾಕ್ಸಿ ಕೂರಿಸಿ, ಹಿಂದೆ ಎಷ್ಟು ಸರ್ವರ್ ಬೇಕಾದರೂ ಇಡಬಹುದು. ಬ್ರೌಸರ್ ತನಗೆ ಯಾವ ಹೆಸರು ಬೇಕು ಅಂತ ಮೊದಲೇ ಹೇಳುತ್ತೆ, ಅದನ್ನು ನೋಡಿ ಪ್ರಾಕ್ಸಿ ಹಂಚುತ್ತೆ. ನಾಲ್ಕು ಸೈಟ್‌ಗೆ ನಾಲ್ಕು ಐಪಿ ಅನ್ನೋದು ಹಳೇ ಕಾಲದ ಮಾತು. 2011ರ ಫೆಬ್ರವರಿಯಲ್ಲೇ ಇಡೀ ಪ್ರಪಂಚಕ್ಕೆ ಐಪಿ ಹಂಚೋ ಐಎಎನ್‌ಎ ಹತ್ತಿರ ಐಪಿವಿ4 ಖಾಲಿ ಆಯ್ತು, ಏಪ್ರಿಲ್‌ನಲ್ಲಿ ನಮ್ಮ ಏಷ್ಯಾ-ಪೆಸಿಫಿಕ್‌ನ ಎಪಿನಿಕ್ ತನ್ನ ಕೊನೆಯ ದೊಡ್ಡ ಬ್ಲಾಕ್‌ಗೆ (/8) ಬಂದು ನಿಂತು ಅಳೆದು ಅಳೆದು ಕೊಡೋಕೆ ಶುರು ಮಾಡ್ತು. ಅದಕ್ಕೇ ಈ ಬಾಡಿಗೆ.

ವಿಪಿಎನ್ ಡಬ್ಬಿಗಳು ತಾವೇ ಹೊರಗೆ ಕರೆ ಮಾಡೋ ಕಡೆಯವಾದರೆ ಒಂದೇ ಐಪಿ ಹಿಂದೆ ಎರಡೂ ನಡೆಯುತ್ತವೆ. ಕೇಳಿ ನೋಡಿ.

ಕೆಳಮನೆ ಆಫೀಸು

ಇಲ್ಲ ಸರ್, ಬ್ರಾಂಚ್‌ಗಳೇ ನಮ್ಮ ಕಡೆಗೆ ಕರೆ ಮಾಡೋದು. ಅವರ ಕಡೆಯ ಡಬ್ಬಿಯಲ್ಲಿ ಪೋರ್ಟ್ ಬದಲಿಸೋಕೂ ಬಿಡಲ್ಲ. ಜೊತೆಗೆ ರೈಸ್‌ಮಿಲ್‌ನವರ ಬ್ಯಾಂಕು ಒಂದು ಐಪಿಯನ್ನು ಮಾತ್ರ ಒಳಗೆ ಬಿಡುತ್ತೆ, ಅದು ಬೇರೆಯವರ ಟ್ರಾಫಿಕ್ ಜೊತೆ ಸೇರಬಾರದು ಅಂತ ಹೇಳಿದ್ದಾರೆ. ವೆಬ್‌ಸೈಟ್ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ, ಅವೆಲ್ಲ ಈಗಲೂ ಒಂದೇ ಐಪಿಯಲ್ಲೇ ಇವೆ.

ರಾತ್ರಿಪಾಳಿ

ಸರ್, ಸದ್ಯಕ್ಕೆ ಸೆಟ್ಟಿಂಗ್ ಮುಟ್ಟಬೇಡಿ. ಮೊದಲು ಒಂದು ವಿಷಯ ಗೊತ್ತಾಗಬೇಕು. ಈ 8 ಐಪಿ ನಿಮ್ಮ ಮನೆವರೆಗೆ ಹೇಗೆ ಬರುತ್ತಿವೆ? ಬರೋದಕ್ಕೆ ಎರಡು ದಾರಿ ಇದೆ, ಎರಡಕ್ಕೂ ರೂಟರ್‌ನಲ್ಲಿ ಮಾಡಬೇಕಾದ್ದು ಪೂರ್ತಿ ಬೇರೆ. ನೆಟ್‌ನಲ್ಲಿ ಸಿಗೋ ಗೈಡ್‌ಗಳಲ್ಲಿ ಅರ್ಧ ಒಂದಕ್ಕೆ ಬರೆದದ್ದು, ಅರ್ಧ ಇನ್ನೊಂದಕ್ಕೆ, ಯಾವುದಕ್ಕೆ ಅಂತ ಯಾರೂ ಹೇಳಿರಲ್ಲ. ಅದನ್ನು ನೋಡಿ ಮಾಡಿದವರು ತಲೆ ಕೆಡಿಸಿಕೊಂಡು ಇಲ್ಲಿಗೆ ಬರುತ್ತಾರೆ.

ಮೊದಲನೇ ದಾರಿಯಲ್ಲಿ ಪೋಸ್ಟ್‌ಮ್ಯಾನ್ ಬೀದಿಯಲ್ಲಿ ನಿಂತು ಒಂದೊಂದೇ ಹೆಸರು ಕೂಗುತ್ತಾನೆ, ಓಗೊಟ್ಟವರ ಕೈಗೆ ಕಾಗದ ಕೊಡುತ್ತಾನೆ. ಎರಡನೆಯದರಲ್ಲಿ ಆ ಮನೆಯ ಕಾಗದವನ್ನೆಲ್ಲ ಒಂದು ಕಟ್ಟು ಮಾಡಿ ಜಗಲಿ ಮೇಲೆ ಇಟ್ಟು ಹೋಗುತ್ತಾನೆ, ಒಳಗೆ ಹಂಚೋದು ನಿಮ್ಮ ಪಾಡು.

ಕೂಗೋದು ಅಂದರೆ ಎಆರ್‌ಪಿ. ಕಂಪನಿಯ ರೂಟರ್ "203.0.113.11 ಯಾರದ್ದು?" ಅಂತ ವೈರ್ ಮೇಲೆ ಕೇಳುತ್ತೆ, ನಿಮ್ಮ ಕಡೆಯಿಂದ ಯಾರಾದರೂ ಉತ್ತರ ಕೊಡಲೇಬೇಕು. ಇದರಲ್ಲಿ .9 ನಿಜವಾಗಿಯೂ ಅವರ ರೂಟರ್ ಮೇಲೆ ಇರುತ್ತೆ. ಕಟ್ಟು ಇಟ್ಟು ಹೋಗೋದು ಅಂದರೆ ರೂಟೆಡ್ ಬ್ಲಾಕ್. "ಈ /29 ಎಲ್ಲಾ 198.51.100.77 ಕಡೆಗೆ" ಅಂತ ಅವರ ರೂಟರ್‌ನಲ್ಲಿ ಒಂದು ಸಾಲು ಬರೆದಿರುತ್ತಾರೆ. ಯಾರೂ ಏನೂ ಕೇಳಲ್ಲ, ಪ್ಯಾಕೆಟ್ ನೇರ ನಿಮ್ಮ ಪಿಪಿಪಿಒಇ ಒಳಗೆ ಬಂದು ಬೀಳುತ್ತೆ.

ನಿಮಗೆ ಪಿಪಿಪಿಒಇ ಇದೆ, ಬೇರೆ ಐಪಿ ಬರುತ್ತಿದೆ ಅಂದರೆ ಎರಡನೆಯದೇ ಇರಬೇಕು. ಆದರೂ ಊಹೆ ಬೇಡ, ನೋಡಿಯೇ ಬಿಡೋಣ. ಈಥರ್1 ಮೇಲೆ ಹಾಕಿದ .10 ತೆಗೆದುಬಿಡಿ, .9ರ ರೂಟ್ ಕೂಡ ತೆಗೆಯಿರಿ. ವಿನ್‌ಬಾಕ್ಸ್‌ನಲ್ಲಿ (ಮೈಕ್ರೋಟಿಕ್ ಸೆಟ್ಟಿಂಗ್ ಮಾಡೋ ಪ್ರೋಗ್ರಾಂ) ಟೂಲ್ಸ್ ಒಳಗೆ ಟಾರ್ಚ್ (ಓಡಾಡೋ ಪ್ಯಾಕೆಟ್ ತೋರಿಸೋದು) ತೆರೆದು ಪಿಪಿಪಿಒಇ ಇಂಟರ್‌ಫೇಸ್ ಆರಿಸಿ. ಮೊಬೈಲಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಿಂದ .11ಗೆ ಪಿಂಗ್ ಕೊಡಿ. ಟಾರ್ಚ್‌ನಲ್ಲಿ .11 ಕಾಣುತ್ತಾ ನೋಡಿ. ಹಾಗೇ ಮೊಬೈಲಿನಿಂದ ಟ್ರೇಸ್‌ರೂಟ್ ಕೂಡ ಹಾಕಿ, ಪ್ಯಾಕೆಟ್ ಯಾವ ಯಾವ ರೂಟರ್ ದಾಟುತ್ತೆ ಅಂತ ತೋರಿಸುತ್ತೆ.

ಕೆಳಮನೆ ಆಫೀಸು

ಮಾಡಿದೆ ಸರ್. ಟಾರ್ಚ್‌ನಲ್ಲಿ 203.0.113.11 ಕಾಣ್ತಿದೆ! ಆದರೆ ಒಂದು ಪಿಂಗ್‌ಗೆ ರಾಶಿ ರಾಶಿ ಪ್ಯಾಕೆಟ್ ತೋರಿಸುತ್ತೆ, ಹೋಗೋದೂ ಬರೋದೂ ಎರಡೂ ಕಡೆ. ಟ್ರೇಸ್‌ರೂಟ್‌ನ ಬಾಲ ಹೀಗಿದೆ:

9 198.51.100.1
10 198.51.100.77
11 198.51.100.1
12 198.51.100.77
13 198.51.100.1
14 198.51.100.77

ಹೀಗೇ 30ರವರೆಗೂ ಹೋಗುತ್ತೆ. ಇದೇನು ಭೂತ?

ರಾತ್ರಿಪಾಳಿ

ಭೂತ ಅಲ್ಲ, ಒಳ್ಳೇ ಸುದ್ದಿ. ಫೈಬರ್‌ನವರ ಹುಡುಗ ಹೇಳಿದ್ದು ನಿಜ, ಅವರ ಕಡೆ ಎಲ್ಲಾ ಸರಿ ಇದೆ. .77 ನೀವೇ. ಬ್ಲಾಕ್ ನಿಮ್ಮ ಮನೆ ಬಾಗಿಲಿಗೆ ಬರುತ್ತಿದೆ. ಆದರೆ .11 ಎಲ್ಲಿದೆ ಅಂತ ನಿಮ್ಮ ರೂಟರ್‌ಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನೆಲ್ಲ ಡೀಫಾಲ್ಟ್ ರೂಟ್ ಹಿಡಿದು ವಾಪಸ್ ಕಂಪನಿಗೇ ಕಳಿಸುತ್ತೆ. ಅವರು "ಇದು ನಿಮ್ಮದೇ ಅಲ್ವಾ" ಅಂತ ಮತ್ತೆ ನಿಮಗೆ ಕೊಡುತ್ತಾರೆ. ಪ್ಯಾಕೆಟ್‌ನ ಟಿಟಿಎಲ್ (ಇನ್ನೆಷ್ಟು ರೂಟರ್ ದಾಟಬಹುದು ಅನ್ನೋ ಲೆಕ್ಕ) ಸೊನ್ನೆ ಆಗೋವರೆಗೂ ಈ ಆಟ ನಡೆಯುತ್ತೆ. ಯಾರಾದರೂ ಬೇಕಂತಲೇ ಖಾಲಿ ಐಪಿಗೆ ಪ್ಯಾಕೆಟ್ ಸುರಿದರೆ ಒಂದೊಂದೂ ಹತ್ತಾರು ಸಲ ನಿಮ್ಮ ಲೈನ್ ಮೇಲೆ ಓಡಾಡುತ್ತೆ, ಲೈನ್ ಮಲಗುತ್ತೆ. ಇದನ್ನು ಮುಚ್ಚಲೇಬೇಕು, ಹೇಗೆ ಅಂತ ಕೆಳಗೆ ಹೇಳ್ತೀನಿ.

ಇನ್ನು ಆ ಚೀಟಿ. ಆಫೀಸಿನವರು ಎಲ್ಲರಿಗೂ ಒಂದೇ ನಮೂನೆ ತುಂಬಿ ಕೊಡುತ್ತಾರೆ. ರೂಟೆಡ್ ಬ್ಲಾಕ್‌ನಲ್ಲಿ ಕಂಪನಿ ಕಡೆ .9 ಅನ್ನೋ ಯಂತ್ರವೇ ಇಲ್ಲ. .9 ಅನ್ನು ನೀವೇ ನಿಮ್ಮ ರೂಟರ್ ಮೇಲೆ, ಸರ್ವರ್‌ಗಳ ಕಡೆಗೆ ಇರೋ ಪೋರ್ಟ್ ಮೇಲೆ ಹಾಕಬೇಕು. ಸರ್ವರ್‌ಗಳಿಗೆ ಅದೇ ಗೇಟ್‌ವೇ. ಇಲ್ಲದ .9ಗೆ ಡೀಫಾಲ್ಟ್ ರೂಟ್ ಕೊಟ್ಟಿದ್ದಕ್ಕೇ ಮನೆಯ ನೆಟ್ ಹೋಗ್ತಿದ್ದಿದ್ದು.

ಮಾಡೋ ಕ್ರಮ ಹೀಗೆ. ಶುರು ಮಾಡೋ ಮೊದಲು ವಿನ್‌ಬಾಕ್ಸ್‌ನ ಸೇಫ್ ಮೋಡ್ ಗುಂಡಿ ಒತ್ತಿ, ನಡುವೆ ಕನೆಕ್ಷನ್ ಕಡಿದರೆ ಮಾಡಿದ್ದೆಲ್ಲ ತಾನೇ ಹಿಂದಕ್ಕೆ ಹೋಗುತ್ತೆ.

ಈಥರ್5 ಅನ್ನು ಮನೆಯ ಬ್ರಿಜ್‌ನಿಂದ (ರೂಟರ್‌ನಲ್ಲಿ ಮನೆಯ ಪೋರ್ಟ್‌ಗಳ ಗುಂಪು) ಹೊರಗೆ ತೆಗೆಯಿರಿ. ಅದಕ್ಕೆ 203.0.113.9/29 ಕೊಡಿ. ಅಲ್ಲಿಂದ ಒಂದು ಬೇರೆ ಸ್ವಿಚ್, ಆ ಸ್ವಿಚ್‌ಗೆ ಪಿಬಿಎಕ್ಸ್, ವಿಪಿಎನ್ ಡಬ್ಬಿಗಳು, ಬ್ಯಾಂಕಿನ ಸರ್ವರ್. ಒಂದೊಂದಕ್ಕೂ .10 ರಿಂದ .14ರ ಒಳಗೆ ಒಂದೊಂದು ಐಪಿ, ಮಾಸ್ಕ್ 255.255.255.248, ಗೇಟ್‌ವೇ .9. ಪಿಪಿಪಿಒಇ ಕಡೆ ಏನೂ ಸೇರಿಸಬೇಡಿ, .77 ಹೇಗಿದೆಯೋ ಹಾಗೇ ಇರಲಿ.

ಆಮೇಲೆ 203.0.113.8/29ಗೆ ಒಂದು ಬ್ಲ್ಯಾಕ್‌ಹೋಲ್ ರೂಟ್ ಸೇರಿಸಿ, ಡಿಸ್ಟೆನ್ಸ್ 254 (ಈ ನಂಬರ್ ದೊಡ್ಡದಾದಷ್ಟೂ ರೂಟ್‌ಗೆ ಮಾನ್ಯತೆ ಕಡಿಮೆ). ಈಥರ್5 ಚಾಲೂ ಇರುವಾಗ ಅದರ ಕನೆಕ್ಟೆಡ್ ರೂಟೇ ಗೆಲ್ಲುತ್ತೆ, ಇದು ಸುಮ್ನೆ ಕೂತಿರುತ್ತೆ. ಸ್ವಿಚ್‌ನ ಪ್ಲಗ್ ಯಾರಾದರೂ ಕಿತ್ತರೆ ಕನೆಕ್ಟೆಡ್ ರೂಟ್ ಮಾಯ ಆಗುತ್ತೆ, ಆಗ ಇದು ಎದ್ದು ಪ್ಯಾಕೆಟ್‌ಗಳನ್ನು ನುಂಗುತ್ತೆ. ಆ ಸುತ್ತಾಟ ಮತ್ತೆ ಬರಲ್ಲ.

ಫೈರ್‌ವಾಲ್ ಪುರಾಣ

ರಾತ್ರಿಪಾಳಿಯವರು ಹೇಳಿದ್ದೆಲ್ಲ ಸರಿ. ಆದರೆ ಆ ಟ್ರೇಸ್‌ರೂಟ್ ನೋಡಿ ನನಗೆ ಬೇರೆ ಗಾಬರಿ. ಮೈಕ್ರೋಟಿಕ್‌ನ ಡೀಫಾಲ್ಟ್ ಫೈರ್‌ವಾಲ್ ಇದ್ದಿದ್ದರೆ ಹೊರಗಿಂದ ಬಂದ ಪ್ಯಾಕೆಟ್ ಹಾಗೆ ಹೊರಗೇ ವಾಪಸ್ ಹೋಗ್ತಿರಲಿಲ್ಲ, ಅಲ್ಲೇ ಬಿದ್ದು ಸಾಯ್ತಿತ್ತು. ಸುತ್ತಾಡ್ತಿದೆ ಅಂದರೆ ನಿಮ್ಮ ರೂಟರ್‌ನಲ್ಲಿ ಫೈರ್‌ವಾಲೇ ಇಲ್ಲ. ಹಾಕಿಕೊಟ್ಟವರು ಡೀಫಾಲ್ಟ್ ಕಾನ್ಫಿಗ್ ಅಳಿಸಿ, ಪಿಪಿಪಿಒಇ ಮತ್ತು ಮ್ಯಾಸ್ಕರೇಡ್ (ಒಳಗಿನ ಐಪಿಗಳನ್ನೆಲ್ಲ ರೂಟರ್‌ನ ಒಂದೇ ಐಪಿಯಾಗಿ ಬದಲಿಸಿ ಕಳಿಸೋ ನ್ಯಾಟ್) ಮಾತ್ರ ಬರೆದು ಹೋಗಿದ್ದಾರೆ ಅನ್ಸುತ್ತೆ. ಐಪಿ > ಫೈರ್‌ವಾಲ್ ತೆರೆದು ನೋಡಿ, ಖಾಲಿ ಇದೆಯಾ?

ಕೆಳಮನೆ ಆಫೀಸು

ಖಾಲಿ ಇದೆ ಸರ್. ನ್ಯಾಟ್‌ನಲ್ಲಿ ಒಂದು ಸಾಲು, ಫಿಲ್ಟರ್‌ನಲ್ಲಿ ಏನೂ ಇಲ್ಲ.

ಫೈರ್‌ವಾಲ್ ಪುರಾಣ

ಹಾಗಾದರೆ ಸರ್ವರ್ ವಿಷಯ ಆಮೇಲೆ, ಇದು ಮೊದಲು. ಈಗ ನಿಮ್ಮ ವಿನ್‌ಬಾಕ್ಸ್ ಪೋರ್ಟ್ 8291 ಇಡೀ ಪ್ರಪಂಚಕ್ಕೆ ತೆರೆದಿದೆ. 2018ರಲ್ಲಿ ಇದೇ ವಿನ್‌ಬಾಕ್ಸ್‌ನಲ್ಲಿ ಒಂದು ದೊಡ್ಡ ತೂತು ಸಿಕ್ಕಿತ್ತು, ಪಾಸ್‌ವರ್ಡ್ ಫೈಲನ್ನೇ ಹೊರಗಿನವರು ಓದಬಹುದಿತ್ತು. ಮೈಕ್ರೋಟಿಕ್‌ನವರು ಏಪ್ರಿಲ್‌ನಲ್ಲೇ ಸರಿಪಡಿಸಿ ಹೊಸ ಆವೃತ್ತಿ ಬಿಟ್ಟರು, ಆದರೆ ಅಪ್‌ಡೇಟ್ ಮಾಡದ ರೂಟರ್‌ಗಳಿಗೆ ಕ್ರಿಪ್ಟೋ ಮೈನಿಂಗ್ ಸ್ಕ್ರಿಪ್ಟ್ ನುಗ್ಗಿಸಿದರು. ನಿಮ್ಮ ರೂಟರ್‌ಓಎಸ್ ಹಳೆಯದಾಗಿದ್ದರೆ ಇವತ್ತೇ ಅಪ್‌ಡೇಟ್ ಮಾಡಿ.

ಡಿಎನ್‌ಎಸ್ ಸೆಟ್ಟಿಂಗ್‌ನಲ್ಲಿ "ಅಲೋ ರಿಮೋಟ್ ರಿಕ್ವೆಸ್ಟ್ಸ್" ಟಿಕ್ ಇರುತ್ತೆ, ಮನೆಯವರಿಗೆ ಅದು ಬೇಕು. ಆದರೆ ಫಿಲ್ಟರ್ ಇಲ್ಲದೆ ಅದು ಊರಿಗೆಲ್ಲ ಡಿಎನ್‌ಎಸ್ ಉತ್ತರ ಕೊಡುತ್ತೆ, ಯಾರೋ ಅದನ್ನು ಹಿಡಿದು ಇನ್ಯಾರ ಮೇಲೋ ದಾಳಿ ಮಾಡುತ್ತಾರೆ, ದೂರು ನಿಮ್ಮ ಹೆಸರಿಗೆ ಬರುತ್ತೆ.

ಇನ್‌ಪುಟ್ ಚೈನ್‌ನಲ್ಲಿ (ರೂಟರ್‌ಗೇ ಬರೋದಕ್ಕೆ ಇರೋ ನಿಯಮಗಳು) ಹೀಗೆ: ಈಗಾಗಲೇ ನಡೀತಿರೋ ಕನೆಕ್ಷನ್‌ಗಳನ್ನು ಒಳಗೆ ಬಿಡಿ, ಐಸಿಎಂಪಿ (ಪಿಂಗ್, ತೊಂದರೆ ತಿಳಿಸೋ ಸಂದೇಶಗಳು) ಬಿಡಿ, ಮನೆಯ ಲ್ಯಾನ್‌ನಿಂದ ಬಂದದ್ದನ್ನು ಬಿಡಿ, ಉಳಿದದ್ದೆಲ್ಲ ಡ್ರಾಪ್. ಐಸಿಎಂಪಿಯನ್ನು ಪೂರ್ತಿ ಮುಚ್ಚೋ ಚಟ ಕೆಲವರಿಗಿದೆ, ಬೇಡ. ಪಿಪಿಪಿಒಇಯಲ್ಲಿ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1492, ದೊಡ್ಡ ಪ್ಯಾಕೆಟ್ ಹಿಡಿಯಲ್ಲ ಅಂತ ಸರ್ವರ್‌ಗೆ ತಿಳಿಸೋದೇ ಐಸಿಎಂಪಿ. ಅದನ್ನು ಮುಚ್ಚಿದರೆ ಲಾಗಿನ್ ಪೇಜ್ ಬರುತ್ತೆ, ದೊಡ್ಡ ಫೈಲ್ ಮಾತ್ರ ಅರ್ಧಕ್ಕೇ ನಿಲ್ಲುತ್ತೆ.

ಫಾರ್ವರ್ಡ್ ಚೈನ್ (ರೂಟರ್ ದಾಟಿ ಹೋಗೋದಕ್ಕೆ ಇರೋ ನಿಯಮಗಳು) ನಿಮಗೆ ಮುಖ್ಯ. ಸರ್ವರ್‌ಗಳಿಗೆ ನೇರ ಪಬ್ಲಿಕ್ ಐಪಿ ಕೊಟ್ಟ ಮೇಲೆ ನಡುವೆ ನ್ಯಾಟ್ ಇಲ್ಲ, ಇರೋದು ಈ ಚೈನ್ ಒಂದೇ. ವಿಪಿಎನ್ ಡಬ್ಬಿಗಳಿಗೆ ಯುಡಿಪಿ 500, 4500 ಮತ್ತು ಇಎಸ್‌ಪಿ (ವಿಪಿಎನ್‌ನ ಗುಟ್ಟಿನ ಪ್ಯಾಕೆಟ್‌ಗಳು) ಬಿಡಿ. ಪಿಬಿಎಕ್ಸ್‌ಗೆ ಟ್ರಂಕ್ (ಫೋನ್ ಲೈನ್) ಕೊಟ್ಟ ಕಂಪನಿಯ ಐಪಿಗಳಿಂದ ಮಾತ್ರ 5060 ಮತ್ತು ಧ್ವನಿಯ ಪೋರ್ಟ್‌ಗಳು. ಆಸ್ಟರಿಸ್ಕ್ ಪಿಬಿಎಕ್ಸ್ ಆದರೆ ಸಾಮಾನ್ಯವಾಗಿ 10000 ರಿಂದ 20000. 5060 ಅನ್ನು ಎಲ್ಲರಿಗೂ ತೆರೆದಿಟ್ಟರೆ ರಾತ್ರಿಯೆಲ್ಲ ಯಾರ್ಯಾರೋ ಬಂದು ಪಾಸ್‌ವರ್ಡ್ ತಡಕಾಡುತ್ತಾರೆ, ಸಿಕ್ಕರೆ ನಿಮ್ಮ ಖರ್ಚಲ್ಲಿ ಐಎಸ್‌ಡಿ ಕಾಲ್ ಹೋಗುತ್ತೆ. ಈಥರ್5 ಕಡೆಯಿಂದ ಮನೆಯ ಲ್ಯಾನ್‌ಗೆ ಹೊಸ ಕನೆಕ್ಷನ್ ಡ್ರಾಪ್. ಗಿರಾಕಿಯ ಡಬ್ಬಿಯೊಳಗೆ ಏನಿದೆ ಅಂತ ನಿಮಗೇನು ಗೊತ್ತು? ಕೊನೆಯಲ್ಲಿ, ಹೊರಗಿಂದ ಬರೋ ಉಳಿದ ಹೊಸ ಕನೆಕ್ಷನ್‌ಗಳೆಲ್ಲ ಡ್ರಾಪ್.

ಇನ್ನೊಂದು. ಐಪಿ ಉಳಿದಿದೆ ಅಂತ ಸಿಸಿಟಿವಿ ಡಿವಿಆರ್‌ಗೆ ಒಂದು ಕೊಟ್ಟುಬಿಡಬೇಡಿ. 2016ರ ಮಿರಾಯ್ ಬಾಟ್‌ನೆಟ್ ಬೆಳೆದದ್ದೇ ಅಂಥ ಕ್ಯಾಮೆರಾ, ಡಿವಿಆರ್‌ಗಳ ಫ್ಯಾಕ್ಟರಿ ಪಾಸ್‌ವರ್ಡ್ ಮೇಲೆ.

ಕರಾವಳಿ ನೆಟ್

ಇದೇ ದಾರದಲ್ಲಿ ನಂದೂ ಕೇಳಿಬಿಡ್ತೀನಿ. ಮಂಗಳೂರು. ನಮ್ಮಲ್ಲಿ ಪಿಪಿಪಿಒಇ ಇಲ್ಲ, ಕೇಬಲ್‌ನವರು ನೇರ ಈಥರ್‌ನೆಟ್ ಕೊಟ್ಟು ಸ್ಟ್ಯಾಟಿಕ್ ಐಪಿ ಹಾಕಿಕೊಳ್ಳಿ ಅಂತಾರೆ. ಬ್ಲಾಕ್ ಅದೇ /29, ಗೇಟ್‌ವೇಗೆ ಪಿಂಗ್ ಆಗುತ್ತೆ. ಮೊದಲ ಐಪಿ ರೂಟರ್ ಮೇಲೆ ಓಡ್ತಿದೆ. ಉಳಿದದ್ದಕ್ಕೆ ಮುಂದೆ ಒಂದು ಸ್ವಿಚ್ ಇಟ್ಟು ಸರ್ವರ್‌ಗಳನ್ನು ಅದಕ್ಕೇ ಸಿಕ್ಕಿಸಿದರೆ ಯಾವುದೂ ಬರಲ್ಲ, ಕೆಲವೊಮ್ಮೆ ರೂಟರ್ ಕೂಡ ಹೋಗುತ್ತೆ.

ರಾತ್ರಿಪಾಳಿ

ನಿಮ್ಮದು ಮೊದಲನೇ ದಾರಿ, ಹೆಸರು ಕೂಗೋದು. ನಿಮ್ಮ .9 ನಿಜವಾದ ಗೇಟ್‌ವೇ. ಕೇಬಲ್‌ನವರು ಪೋರ್ಟ್‌ಗೆ ಒಂದೇ ಮ್ಯಾಕ್ ಅಡ್ರೆಸ್ (ಯಂತ್ರದ ನೆಟ್‌ವರ್ಕ್ ಕಾರ್ಡಿನ ಗುರುತಿನ ನಂಬರ್) ಕಟ್ಟಿಹಾಕಿರುತ್ತಾರೆ. ನಮ್ಮ ಕಡೆ ಇದು ಮಾಮೂಲಿ, ರೂಟರ್ ಬದಲಿಸಿದರೆ ಫೋನ್ ಮಾಡಿ "ಮ್ಯಾಕ್ ರಿಲೀಸ್ ಮಾಡಿ" ಅಂತ ಹೇಳಬೇಕಲ್ವಾ, ಅದೇ. ಸ್ವಿಚ್ ಇಟ್ಟಾಗ ಎರಡನೇ ಮ್ಯಾಕ್ ಕಂಡ ಕೂಡಲೇ ಅವರ ಕಡೆಯ ಪೋರ್ಟ್ ಬಾಗಿಲು ಹಾಕುತ್ತೆ.

ಹಾಗಾಗಿ ಎಲ್ಲಾ ಐಪಿಗೂ ನಿಮ್ಮ ರೂಟರ್ ಒಂದೇ ಮ್ಯಾಕ್‌ನಿಂದ ಓಗೊಡಬೇಕು. ಸುಲಭದ ದಾರಿ: .11, .12 ಇವನ್ನೆಲ್ಲ ವ್ಯಾನ್ (ಹೊರಗಿನ ಕಡೆಯ) ಪೋರ್ಟ್ ಮೇಲೆ /32 (ಒಂಟಿ ಐಪಿ) ಆಗಿ ಸೇರಿಸಿ, ಡಿಎಸ್‌ಟಿ-ನ್ಯಾಟ್‌ನಲ್ಲಿ ಒಳಗಿನ ಸರ್ವರ್‌ಗೆ ಕಳಿಸಿ, ಹೋಗುವಾಗ ಅದೇ ಐಪಿಯಿಂದ ಹೋಗುವ ಹಾಗೆ ಎಸ್‌ಆರ್‌ಸಿ-ನ್ಯಾಟ್ ಬರೆದು ಅದನ್ನು ಮ್ಯಾಸ್ಕರೇಡ್‌ಗಿಂತ ಮೇಲೆ ಇಡಿ. ಕೆಳಗೆ ಇಟ್ಟರೆ ಅದರ ಸರದಿಯೇ ಬರಲ್ಲ.

ಸರ್ವರ್ ಮೇಲೇ ಪಬ್ಲಿಕ್ ಐಪಿ ಇರಬೇಕು ಅಂದರೆ ಪ್ರಾಕ್ಸಿ ಎಆರ್‌ಪಿ. ವ್ಯಾನ್ ಪೋರ್ಟ್, ಸರ್ವರ್ ಪೋರ್ಟ್ ಎರಡರಲ್ಲೂ ಎಆರ್‌ಪಿ ಮೋಡ್ ಬದಲಿಸಿ, ಒಂದೊಂದು ಸರ್ವರ್‌ಗೂ ಸರ್ವರ್ ಪೋರ್ಟ್ ಕಡೆಗೆ /32 ರೂಟ್ ಹಾಕಿ. ಹೊರಗಿನವರು ".11 ಯಾರು" ಅಂದರೆ ರೂಟರ್ "ನಾನೇ" ಅನ್ನುತ್ತೆ, ಒಳಗಿನವರು ".9 ಯಾರು" ಅಂದರೂ "ನಾನೇ" ಅನ್ನುತ್ತೆ. 1987ರಲ್ಲೇ ಆರ್‌ಎಫ್‌ಸಿ 1027 (ಇಂಟರ್‌ನೆಟ್ ವಿಧಾನಗಳ ದಾಖಲೆ) ಆಗಿ ಬರೆದಿಟ್ಟ ಉಪಾಯ ಇದು, ಈಗಲೂ ಅನ್ನ ಹಾಕ್ತಿದೆ.

ಲೆಕ್ಕ ಮಾತ್ರ ನೋಡಿಕೊಳ್ಳಿ. 8ರಲ್ಲಿ ಮೊದಲನೆಯದು, ಕೊನೆಯದು ಹೋಯ್ತು. ಅವರ ಗೇಟ್‌ವೇ ಒಂದು, ನಿಮ್ಮ ರೂಟರ್ ಒಂದು. ಸರ್ವರ್‌ಗಳಿಗೆ ಉಳಿಯೋದು 4.

ಕರಾವಳಿ ನೆಟ್

ನ್ಯಾಟ್ ದಾರಿಯಲ್ಲಿ ಮಾಡಿದೆ. .11 ಬಂತು. ಆದರೆ .12 ಮಾತ್ರ ಬರ್ತಿಲ್ಲ, ಎರಡಕ್ಕೂ ಒಂದೇ ಥರ ಬರೆದಿದ್ದೀನಿ. ಮೊದಲು .12 ಅನ್ನು ಒಂದು ಸರ್ವರ್‌ಗೆ ಕೊಟ್ಟು ಟೆಸ್ಟ್ ಮಾಡಿದ್ದೆ, ಅದಕ್ಕೇನಾದರೂ ಸಂಬಂಧ ಇದೆಯಾ?

ರಾತ್ರಿಪಾಳಿ

ಇದೆ. ಕೇಬಲ್‌ನವರ ರೂಟರ್ ".12 ಅಂದರೆ ಆ ಸರ್ವರ್‌ನ ಮ್ಯಾಕ್" ಅಂತ ಇನ್ನೂ ನೆನಪಿಟ್ಟುಕೊಂಡಿದೆ. ಸಿಸ್ಕೋ ಆದರೆ ಡೀಫಾಲ್ಟ್ ಆಗಿ 4 ಗಂಟೆ ಈ ನೆನಪು ಇರುತ್ತೆ. ಕಾಯಬಹುದು, ಇಲ್ಲ ಅಂದರೆ ನಿಮ್ಮ ರೂಟರ್‌ನ ಪಿಂಗ್ ಟೂಲ್‌ನಲ್ಲಿ ಸೋರ್ಸ್ ಅಡ್ರೆಸ್ .12 ಅಂತ ಕೊಟ್ಟು .9ಗೆ ಪಿಂಗ್ ಮಾಡಿ. .9ರ ಎಆರ್‌ಪಿ ನಮೂದನ್ನು ಮೊದಲು ಅಳಿಸಿ, ಆಗ ರೂಟರ್ ಹೊಸದಾಗಿ ಕೇಳುತ್ತೆ. ಕೇಳುವಾಗ "ನಾನು .12, ನನ್ನ ಮ್ಯಾಕ್ ಇದು" ಅಂತಲೂ ಹೇಳುತ್ತೆ, ಅವರ ಕಡೆ ಹಳೇದು ಅಳಿಸಿ ಹೊಸದು ಕೂರುತ್ತೆ. ಲಿನಕ್ಸ್‌ನವರಿಗೆ ಎಆರ್‌ಪಿಂಗ್ ಇದೆ, ಅದೇ ಕೆಲಸ.

ಕರಾವಳಿ ನೆಟ್

ಬಂತು ಬಂತು. ಥ್ಯಾಂಕ್ಸ್ ಮಾರಾಯ್ರೇ.

ಡಲ್ಲಾಸ್ ಕಿಟ್ಟಿ

ಇಲ್ಲಿ ಅಮೆರಿಕದಲ್ಲೂ ಇದೇ ಗೋಳು, ಸ್ವಲ್ಪ ಬೇರೆ ವೇಷ. ಇಲ್ಲಿನ ಫೈಬರ್ ಕಂಪನಿಗಳಲ್ಲಿ ಕೆಲವು ತಮ್ಮದೇ ಗೇಟ್‌ವೇ ಡಬ್ಬಿ ಬಳಸಲೇಬೇಕು ಅಂತಾವೆ, ಬ್ರಿಜ್ ಮೋಡ್ ಇಲ್ಲ. ಬ್ಲಾಕ್ ತೆಗೆದುಕೊಂಡರೆ ಅದೇ ಡಬ್ಬಿಯಲ್ಲಿ "ಪಬ್ಲಿಕ್ ಸಬ್‌ನೆಟ್" ಅಂತ ಒಂದು ಆಯ್ಕೆ ಇರುತ್ತೆ, ಗೇಟ್‌ವೇ ಐಪಿ ಡಬ್ಬಿಯ ಮೇಲೇ ಕೂರುತ್ತೆ. ಕೆಲವು ಹಳೇ ಡಬ್ಬಿಗಳು ಒಂದು ಮ್ಯಾಕ್‌ಗೆ ಒಂದೇ ಐಪಿ ಅಂತ ಹಠ ಹಿಡಿಯುತ್ತಿದ್ದವು. ಅಂದರೆ ಕರಾವಳಿಯವರ ಕಥೆಯ ಪೂರ್ತಿ ಉಲ್ಟಾ! ಅಲ್ಲಿ ಒಂದೇ ಮ್ಯಾಕ್ ಇರಬೇಕು, ಇಲ್ಲಿ ಐಪಿಗೊಂದು ಮ್ಯಾಕ್ ಇರಬೇಕು. ನಮ್ಮದೇ ರೂಟರ್ ಹಿಂದೆ ಇಟ್ಟು ಐದೂ ಐಪಿ ಅದರ ಮೇಲೆ ಹಾಕಬೇಕು ಅಂದವರು ಸುಳ್ಳು ಮ್ಯಾಕ್ ಹುಟ್ಟಿಸಿಕೊಂಡು ಒದ್ದಾಡುತ್ತಿದ್ದರು.

ಈಚಿನ ಡಬ್ಬಿಗಳಲ್ಲಿ "ಕ್ಯಾಸ್ಕೇಡೆಡ್ ರೂಟರ್" ಅಂತ ಬಂದಿದೆ. ನಿಮ್ಮ ರೂಟರ್‌ನ ಒಳಗಿನ ಐಪಿ ಕೊಟ್ಟರೆ ಬ್ಲಾಕ್ ಪೂರ್ತಿ ಅದರ ಕಡೆಗೆ ರೂಟ್ ಆಗುತ್ತೆ. ರಾತ್ರಿಪಾಳಿಯವರ ಎರಡನೇ ದಾರಿಯೇ. ಸಿಕ್ಕರೆ ಕಣ್ಣು ಮುಚ್ಚಿ ಅದನ್ನೇ ಆರಿಸಿ.

ಕೆಳಮನೆ ಆಫೀಸು

ಅಪ್‌ಡೇಟ್. ಫೈರ್‌ವಾಲ್ ಹಾಕಿದೆ, ರೂಟರ್‌ಓಎಸ್ ಹೊಸದು ಮಾಡಿದೆ, ಈಥರ್5 ಬೇರೆ ಮಾಡಿದೆ. ಐಪಿಗಳೆಲ್ಲ ಹೊರಗಿಂದ ಸಿಗ್ತಿವೆ! ವಿಪಿಎನ್ ಎರಡೂ ಎದ್ದಿವೆ. ಬ್ಲ್ಯಾಕ್‌ಹೋಲ್ ಕೂಡ ಟೆಸ್ಟ್ ಮಾಡಿದೆ, ಸ್ವಿಚ್ ಆಫ್ ಮಾಡಿ ಟ್ರೇಸ್‌ರೂಟ್ ಹಾಕಿದರೆ ಈಗ ಆ ಸುತ್ತಾಟ ಇಲ್ಲ.

ಒಂದು ತಲೆನೋವು ಉಳಿದಿದೆ. ಬ್ಯಾಂಕಿನ ಸರ್ವರ್ ಮೇಲೆ .13 ಇದೆ, ಒಳಗೆ ಬರೋದು ಸರಿ. ಆದರೆ ಅದು ಹೊರಗೆ ಹೋದಾಗ ಬ್ಯಾಂಕಿಗೆ 198.51.100.77 ಅಂತ ಕಾಣುತ್ತಂತೆ. ಬ್ಯಾಂಕ್‌ನವರು ಒಳಗೆ ಬಿಡ್ತಿಲ್ಲ.

ರಾತ್ರಿಪಾಳಿ

ನ್ಯಾಟ್‌ನಲ್ಲಿ ಇರೋ ಆ ಒಂದೇ ಸಾಲು. "ಪಿಪಿಪಿಒಇ ಮೂಲಕ ಹೋಗೋದೆಲ್ಲ ಮ್ಯಾಸ್ಕರೇಡ್" ಅಂತ ಇರುತ್ತೆ. ಎಲ್ಲಾ ಅಂದರೆ ಎಲ್ಲಾ, ಪಬ್ಲಿಕ್ ಐಪಿ ಇರೋ ಸರ್ವರ್‌ಗೂ ಮುಖವಾಡ ಹಾಕಿ ಕಳಿಸುತ್ತೆ. ಆ ಸಾಲಿನಲ್ಲಿ ಸೋರ್ಸ್ ಅಡ್ರೆಸ್ ಜಾಗದಲ್ಲಿ ಮನೆಯ ಲ್ಯಾನ್ ಮಾತ್ರ ಬರೆಯಿರಿ, 192.168.88.0/24 ಇದ್ದರೆ ಅದು. ಆಮೇಲೆ ಕನೆಕ್ಷನ್ಸ್ ಪಟ್ಟಿಯಲ್ಲಿ .13ರ ಹಳೇ ನಮೂದುಗಳನ್ನು ಅಳಿಸಿ, ಇಲ್ಲದಿದ್ದರೆ ನಡೀತಿರೋ ಕನೆಕ್ಷನ್‌ಗಳು ಹಳೇ ಮುಖವಾಡದಲ್ಲೇ ಮುಂದುವರಿಯುತ್ತವೆ.

ಒಂದೇ ಸಾಕು

ಒಂದು ತಕರಾರು. ನೇರ ಪಬ್ಲಿಕ್ ಐಪಿ ಬದಲು ಇಲ್ಲೂ ನ್ಯಾಟ್ ಮಾಡಿದ್ದರೆ 8ಕ್ಕೆ 8 ಐಪಿಯೂ ಸಿಗ್ತಿತ್ತು ಅಲ್ವಾ? ರೂಟೆಡ್ ಬ್ಲಾಕ್‌ನಲ್ಲಿ .8 ಮತ್ತು .15 ಕೂಡ ಬರೀ ನಂಬರ್, ಅಲ್ಲಿ ಬ್ರಾಡ್‌ಕಾಸ್ಟ್ ಅನ್ನೋದೇ ಇಲ್ಲ. ಈಗ .9 ರೂಟರ್‌ಗೆ ಹೋಗಿ 5 ಮಾತ್ರ ಉಳೀತು. ದುಡ್ಡು ಕೊಟ್ಟು ತಂದ ಐಪಿ.

ರಾತ್ರಿಪಾಳಿ

ಸರಿಯಾದ ಮಾತು, 8ಕ್ಕೆ 8 ಬಳಸಬಹುದು. ಆದರೆ ಐಪಿಸೆಕ್ (ಆ ವಿಪಿಎನ್ ಡಬ್ಬಿಗಳದ್ದು) ಮತ್ತು ಪಿಬಿಎಕ್ಸ್ ಇರೋ ಜಾಗದಲ್ಲಿ ನಾನು ನ್ಯಾಟ್ ಇಡಲ್ಲ. ಸಿಪ್ (ಐಪಿ ಫೋನಿನ ಭಾಷೆ) ತನ್ನ ಐಪಿಯನ್ನು ಮಾತಿನ ಒಳಗೇ ಬರೆದು ಕಳಿಸುತ್ತೆ, ನ್ಯಾಟ್ ಹೊರಗಿನ ಲಕೋಟೆ ಮಾತ್ರ ಬದಲಿಸುತ್ತೆ, ಆಮೇಲೆ "ನಮಗೆ ಕೇಳ್ತಿದೆ, ಅವರಿಗೆ ಕೇಳ್ತಿಲ್ಲ" ಅಂತ ಶುರು. ಅದಕ್ಕೆ ರೂಟರ್‌ನಲ್ಲಿ ಸಿಪ್ ಎಎಲ್‌ಜಿ (ಆ ಒಳಗಿನ ಐಪಿ ತಿದ್ದೋದು) ಆನ್ ಮಾಡೋದು, ಅದು ಇನ್ನೊಂದು ಥರ ಕೆಡಿಸೋದು. ಜೊತೆಗೆ ಮನೆಯ ಲ್ಯಾನ್‌ನಿಂದ ಸರ್ವರ್‌ನ ಪಬ್ಲಿಕ್ ಐಪಿಗೆ ಹೋಗಬೇಕಾದರೆ ನ್ಯಾಟ್‌ನಲ್ಲಿ ಹೇರ್‌ಪಿನ್ (ಒಳಗಿಂದ ಹೊರಟು ಒಳಗೇ ತಿರುಗೋ) ಸಾಲು ಬೇರೆ ಬರೀಬೇಕು. ಈಗಿನ ಜೋಡಣೆಯಲ್ಲಿ ಅದು ಬರೀ ರೂಟಿಂಗ್. ಕೆಳಮನೆಯವರಿಗೆ 5 ಸಾಕು ಅನ್ಸುತ್ತೆ. ಆರನೆಯದು ಬೇಕಾದ ದಿನ ನೋಡೋಣ.

ಅಂಚೆಪೆಟ್ಟಿಗೆ

ಬಿಲ್ಲಿಂಗ್ ಸರ್ವರ್ ಗಿರಾಕಿಗಳಿಗೆ ಬಿಲ್ ಮೇಲ್ ಮಾಡುತ್ತಾ? ಮಾಡುತ್ತೆ ಅಂದರೆ ಕೇಳಿ. ಆ ಐಪಿಗೆ ಪಿಟಿಆರ್ ಬೇಕು, ಅಂದರೆ ನಂಬರ್‌ನಿಂದ ಹೆಸರು ಹುಡುಕೋ ರಿವರ್ಸ್ ಡಿಎನ್‌ಎಸ್. 2024ರ ಫೆಬ್ರವರಿಯಿಂದ ಜಿಮೇಲ್ ಇದನ್ನು ಕಡ್ಡಾಯ ಮಾಡಿದೆ, ಎಸ್‌ಪಿಎಫ್ ಅಥವಾ ಡಿಕಿಮ್ (ಮೇಲ್ ನಿಮ್ಮ ಡೊಮೇನ್‌ನದ್ದೇ ಅಂತ ತೋರಿಸೋವು) ಕೂಡ ಇರಬೇಕು. ನಿಮ್ಮ ಡೊಮೇನ್ ನಿಮ್ಮ ಕೈಲಿದ್ದರೂ ರಿವರ್ಸ್ ನಿಮ್ಮ ಕೈಲಿಲ್ಲ, ಅದು ಫೈಬರ್‌ನವರ ಹತ್ತಿರ ಇದೆ. /29ನಷ್ಟು ಚಿಕ್ಕ ಬ್ಲಾಕ್‌ಗೂ ನಿಮಗೆ ವಹಿಸಿಕೊಡೋ ವಿಧಾನ ಇದೆ, ಆರ್‌ಎಫ್‌ಸಿ 2317. ಆದರೆ ಊರಿನ ಆಪರೇಟರ್ ಹತ್ತಿರ ಅದನ್ನು ಕೇಳಿದರೆ ಮುಖ ನೋಡುತ್ತಾರೆ. ".12ಗೆ ಈ ಹೆಸರು ಹಾಕಿಕೊಡಿ" ಅಂತ ಒಂದು ಸಾಲಿನ ಮೇಲ್ ಬರೆಯಿರಿ, ಬೇಗ ಆಗುತ್ತೆ. 25ನೇ ಪೋರ್ಟ್ (ಮೇಲ್ ಹೋಗೋದು) ಮುಚ್ಚಿದ್ದಾರಾ ಅಂತಲೂ ಕೇಳಿ. ಮತ್ತೆ ಆ ಐಪಿ ಸ್ಪ್ಯಾಮ್‌ಹಾಸ್‌ನ ಪಿಬಿಎಲ್ ಪಟ್ಟಿಯಲ್ಲಿ (ನೇರ ಮೇಲ್ ಕಳಿಸಬಾರದ ಐಪಿಗಳು) ಇದೆಯಾ ನೋಡಿ, ಮನೆ ಕನೆಕ್ಷನ್‌ಗಳ ಐಪಿಗಳು ಎಷ್ಟೋ ಸಲ ಅದರಲ್ಲೇ ಇರುತ್ತವೆ.

ಇಷ್ಟೆಲ್ಲಾ ಯಾಕೆ ಅನ್ನಿಸಿದರೆ ಹೊರಗಿನ ಮೇಲ್ ರಿಲೇ ಸೇವೆ ತೆಗೆದುಕೊಂಡುಬಿಡಿ. ನಾನು ಅದನ್ನೇ ಹೇಳೋದು.

ಪಿಜಿ ವೈಫೈ

ಅಣ್ಣಂದಿರೇ, ನಾನು ಬೆಂಗಳೂರಲ್ಲಿ ಓದ್ತಿರೋನು. ರೂಟರ್‌ನ ವ್ಯಾನ್‌ನಲ್ಲಿ 100.72 ಅಂತ ಶುರುವಾಗೋ ಐಪಿ ಇದೆ. ಸ್ಟ್ಯಾಟಿಕ್ ಕೊಡಲ್ಲ ಅಂತಾರೆ. ನನಗೂ ಒಂದೆರಡು ಪಬ್ಲಿಕ್ ಐಪಿ ಮನೆಗೆ ತರೋಕೆ ದಾರಿ ಇದೆಯಾ?

ಫೈರ್‌ವಾಲ್ ಪುರಾಣ

ನಿಮ್ಮದು ಸಿಜಿನ್ಯಾಟ್ ತಮ್ಮಾ, ಅಂದರೆ ಕಂಪನಿ ಒಂದೇ ಪಬ್ಲಿಕ್ ಐಪಿಯನ್ನು ಹಲವು ಗಿರಾಕಿಗಳಿಗೆ ಹಂಚೋದು. 100.64.0.0/10 ಪೂರ್ತಿ ಅದಕ್ಕೇ 2012ರಲ್ಲಿ ಮೀಸಲಿಟ್ಟದ್ದು. ಅಲ್ಲಿ ಪೋರ್ಟ್ ಫಾರ್ವರ್ಡ್ ಎಷ್ಟು ಬರೆದರೂ ಉಪಯೋಗ ಇಲ್ಲ.

ಹೊರಗೆ ಒಂದು ಚಿಕ್ಕ ವಿಪಿಎಸ್ (ಡೇಟಾ ಸೆಂಟರ್‌ನಲ್ಲಿರೋ ಸರ್ವರ್) ಬಾಡಿಗೆಗೆ ತಗೋ, ಜಾಸ್ತಿ ಐಪಿ ಕೊಡೋರ ಹತ್ತಿರ. ಅಲ್ಲಿಂದ ಮನೆಗೆ ವೈರ್‌ಗಾರ್ಡ್ (ಒಂದು ವಿಪಿಎನ್) ಸುರಂಗ. ಮನೆಯ ಕಡೆಯಿಂದಲೇ ಕರೆ ಹೋಗೋದರಿಂದ ಸಿಜಿನ್ಯಾಟ್ ಅಡ್ಡ ಬರಲ್ಲ, ಕೀಪ್‌ಅಲೈವ್ 25 ಸೆಕೆಂಡ್ ಇಡು. ಆ ಐಪಿಯನ್ನು ವಿಪಿಎಸ್‌ನಿಂದ ಸುರಂಗದೊಳಗೆ ರೂಟ್ ಮಾಡಬೇಕು. ಇಲ್ಲೂ ಮೊದಲ ಪ್ರಶ್ನೆ ಅದೇ, ವಿಪಿಎಸ್ ಕಂಪನಿ ಐಪಿಯನ್ನು ರೂಟ್ ಮಾಡಿ ಕೊಡುತ್ತಾ, ಎಆರ್‌ಪಿ ಕೇಳುತ್ತಾ. ಕೇಳೋದಾದರೆ ವಿಪಿಎಸ್ ಮೇಲೆ ಪ್ರಾಕ್ಸಿ ಎಆರ್‌ಪಿ ಹಾಕಬೇಕು.

ಎಂಟಿಯು 1420. ಮನೆಯಲ್ಲಿ ಉತ್ತರ ವಾಪಸ್ ಹೋಗುವಾಗ ಸುರಂಗದ ಮೂಲಕವೇ ಹೋಗಬೇಕು, ಅದಕ್ಕೆ ಆ ಐಪಿಯಿಂದ ಹೊರಡೋ ಪ್ಯಾಕೆಟ್‌ಗಳಿಗೆ ಬೇರೆ ರೂಟಿಂಗ್ ಟೇಬಲ್ ಬರೀಬೇಕು. ಮಾಡದಿದ್ದರೆ ಒಳಗೆ ಬರುತ್ತೆ, ಉತ್ತರ ಪಿಜಿಯ ಲೈನ್‌ನಲ್ಲಿ ಹೊರಟು ದಾರಿ ತಪ್ಪುತ್ತೆ. ವಿವರ ಬೇಕಾದರೆ ಬೇರೆ ದಾರ ತೆಗಿ, ಇಲ್ಲಿ ಉದ್ದ ಆಯ್ತು.

ಕೆಳಮನೆ ಆಫೀಸು

ಮ್ಯಾಸ್ಕರೇಡ್ ಸಾಲು ತಿದ್ದಿದೆ, ಬ್ಯಾಂಕಿಗೆ ಈಗ .13 ಅಂತಲೇ ಕಾಣ್ತಿದೆ. ಪಿಟಿಆರ್‌ಗೆ ಫೈಬರ್‌ನವರಿಗೆ ಮೇಲ್ ಹಾಕಿದ್ದೀನಿ, "ನೋಡ್ತೀವಿ ಸಾರ್" ಅಂದಿದ್ದಾರೆ. ಅಲ್ಲಿವರೆಗೆ ಬಿಲ್ ಮೇಲ್ ರಿಲೇ ಮೂಲಕ ಹೋಗ್ತಿದೆ. ಒಎನ್‌ಟಿ, ರೂಟರ್, ಸ್ವಿಚ್ ಮೂರನ್ನೂ ಒಂದೇ ಯುಪಿಎಸ್‌ಗೆ ಹಾಕಿದೆ, ಮೊದಲು ಸ್ವಿಚ್ ಮಾತ್ರ ಹೊರಗಿತ್ತು.

ರಾತ್ರಿಪಾಳಿ ಸರ್, .14 ಖಾಲಿ ಇದೆ. ಅದಕ್ಕೆ ಏನಾದರೂ ಮಾಡಬೇಕಾ?

ರಾತ್ರಿಪಾಳಿ

ಏನೂ ಬೇಡ. ಫಾರ್ವರ್ಡ್‌ನ ಕೊನೆಯ ಡ್ರಾಪ್ ಸಾಲು ಅದನ್ನು ನೋಡಿಕೊಳ್ಳುತ್ತೆ. ಒಂದು ವಾರ ಆ ಸಾಲಿಗೆ ಲಾಗ್ ಹಾಕಿ ನೋಡಿ, ಯಾರೂ ಇಲ್ಲದ .14ರ ಬಾಗಿಲನ್ನು ಎಷ್ಟು ಜನ ತಟ್ಟುತ್ತಾರೆ ಅಂತ ಗೊತ್ತಾಗುತ್ತೆ. ಆಮೇಲೆ ಲಾಗ್ ತೆಗೆದುಬಿಡಿ, ಸುಮ್ನೆ ತುಂಬಿಕೊಳ್ಳುತ್ತೆ.